ತ್ರಿವೇಣಿಗೆ ಕೇಳಿಸದ ‘ಹೂಂ’

"ಪಂಪೇಶ ಅಂದ್ರ ಯಾರ್ರೀ ಇಲ್ಲಿ?"

ಸಂಡೂರಿನಲ್ಲಿ, ಅದಿರು ಲಾರಿ ತೂಗುವ ವೇಬ್ರಿಜ್ ಮುಂದೆ, ಕೆಂಪು ಧೂಳಿನಲ್ಲಿ ನಿಂತು ತ್ರಿವೇಣಿ ಕೇಳಿದಳು. ಕಿಟಕಿಯೊಳಗಿದ್ದ ತೆಳ್ಳನೆಯ ಹುಡುಗ ಎದ್ದು ಹೊರಗೆ ಬಂದ.

"ನಾನ... ನೀವು ತ್ರಿವೇಣಿಯವ್ರಾ?"

ಆ ದನಿ! ಎಂಟು ತಿಂಗಳಿಂದ ಅವಳ ಕಿವಿಯೊಳಗೆ ಮನೆ ಮಾಡಿದ್ದ ದನಿ. ಮುಖ ನೋಡಿದ್ದು ಇವತ್ತೇ ಮೊದಲು.

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ಸಾಫ್ಟ್‌ವೇರನ್ನು ಹೊಸಪೇಟೆಯ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಬರೆದವಳು ಅವಳು. ಈ ಗಣಿ ಆಫೀಸಿಗೆಂದೇ ಬರೆದದ್ದು. ದಿನಾ ಈ ಕಡೆಯಿಂದ ಮಾತಾಡಿ ಪರೀಕ್ಷೆ ಮಾಡುತ್ತಿದ್ದವನು ಪಂಪೇಶ. "ಹಲೋ, ಕೇಳಸ್ತದೇನ್ರಿ?" ಎಂದು ಶುರುವಾದ ಮಾತು ಮನಸ್ಸಿನವರೆಗೂ ಬಂದಿತ್ತು.

"ನಾಳೆ ನನ್ನ ನೋಡಾಕ ಗಂಡು ಬರ್ತಾನ. ನೀವು ನನ್ನ ಮದ್ವಿ ಆಗ್ತೀರೇನು ಅಂತ ನಿನ್ನೆ ಬಾಯಿ ಬಿಟ್ಟು ಕೇಳಿದೆ. ಒಂದು ಮಾತಿಲ್ಲ! ಅಷ್ಟು ಪುಕ್ಕಲರಾ ನೀವು?"

"ಹೂಂ ಅಂದ್ನಲ್ರೀ! ಮೂರು ಸಲ ಅಂದೆ. ನೀವ ಕಟ್ ಮಾಡಿದ್ರಿ."

"ಸುಳ್ಳು!"

"ಸಾಹೇಬ್ರು ಬಾಜೂಕ ಕುಂತಿದ್ರು... ಮೆಲ್ಲಗ ಅಂದೆ. ನಮ್ಮ ಕೇರಿಯವ್ರು ದೊಡ್ಡೋರ ಮುಂದ ದನಿ ಏರ್ಸಿದ್ದಿಲ್ರಿ."

ತ್ರಿವೇಣಿಗೆ ಆಗ ಹೊಳೆಯಿತು.

ದೂರದ ಲಾರಿಗಳ ಗುರುಗುಟ್ಟು ಮಾತಿನ ನಡುವೆ ಬರಬಾರದೆಂದು, ಸಣ್ಣ ಸದ್ದನ್ನೆಲ್ಲ ಕತ್ತರಿಸಿ ಬಿಸಾಕು ಎಂದು ಸಾಫ್ಟ್‌ವೇರಿಗೆ ಕಲಿಸಿದವಳು ತಾನೇ! ಅದು ಅವನ ಹೂಂ ಅನ್ನೂ ಬಿಸಾಕಿತ್ತು.

"ತಪ್ಪು ನಂದ..." ಕಣ್ಣು ತುಂಬಿದವು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ಅಪ್ಪ ಕೊಟ್ರಯ್ಯ.

"ಎಲ್ಲಿದ್ದೀಯವ್ವಾ?"

"ಸಂಡೂರಾಗಪ್ಪ. ನನ್ನ ಗಂಡು ಇಲ್ಲೇ ಅದಾನ. ನಾಳೆ ಬರೋರಿಗೆ ಬ್ಯಾಡ ಅಂತ ಹೇಳಿಬಿಡು."

"ಯಾರ ಪೈಕಿ ಅವ? ಯಾವ ಕೇರಿ? ಗೊತ್ತೈತೇನು ನಿನಗ?"

"ಗೊತ್ತೈತಿ. ಗೊತ್ತಿದ್ದೇ ಹೇಳಾಕತ್ತೀನಿ!"

ಪಂಪೇಶ ಕೈ ಚಾಚಿದ. "ಇಲ್ಲಿ ಕೊಡ್ರಿ."

ಫೋನನ್ನು ಬಾಯಿಯ ಹತ್ತಿರ ಹಿಡಿದ. ದನಿ ನಡುಗಲಿಲ್ಲ.

"ನಾನು ಪಂಪೇಶ ರೀ! ಬುಕ್ಕಸಾಗರದ ಕೂಲಿ ಓಬಳಪ್ಪನ ಮಗ! ನಿಮ್ಮ ಮಗಳು ಕೇಳ್ಯಾಳ, ನಾನು ಹೂಂ ಅಂದೀನಿ!"

ಲಾರಿ ಡ್ರೈವರುಗಳು ತಿರುಗಿ ನೋಡಿದರು. ಸಾಹೇಬರು ಬಾಗಿಲಿಗೆ ಬಂದರು.

"ಏನಲೇ ಪಂಪ್ಯಾ, ಮೈಮ್ಯಾಲೆ ಬಂದೈತೇನು? ದನಿ ಇಳ್ಸು!"

"ಇಲ್ರೀ ಸಾಹೇಬ್ರ. ಇನ್ನ ಇಳ್ಸಂಗಿಲ್ಲ!"

ಆ ಕಡೆ ಅಪ್ಪ ಫೋನಿಟ್ಟಿದ್ದ. ತ್ರಿವೇಣಿ ಕಣ್ಣೊರೆಸಿಕೊಂಡಳು.

"ಇವತ್ತ ಆ ಸಾಫ್ಟ್‌ವೇರ್ ತಿದ್ದತೀನಿ. ಎಷ್ಟು ಸಣ್ಣ ದನಿ ಇದ್ರೂ ದಾಟಬೇಕು."

"ಈಗ ಭಾಳ ಜೋರಾತೇನ್ರಿ?"

"ಇಲ್ಲ... ಇನ್ನೊಮ್ಮೆ ಅನ್ರಿ. ಮೆಲ್ಲಗ. ನನಗಷ್ಟ."

ಅವನು ಬಾಗಿದ. "ಹೂಂ."

"ಕೇಳ್ತು..."