ಭಾವನ ಅಂಗಡಿಯ ವಿಳಾಸ

ಭಾವನ ಸೋಫಾ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಇವನೇ. ಒಂದೊಂದು ಸೋಫಾದ ದಿಂಬು ಸರಿಪಡಿಸಿ, ಫೋಟೊ ತೆಗೆದು, ಅಕ್ಕನ ಗಂಡನಲ್ಲವೇ ಎಂದು ರಜೆಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಈಗ ಭಾವ ಹೊಸ ಸೈಟಿನ ಕೆಲಸವನ್ನು ಯಾವುದೋ ಕಂಪನಿಗೆ ಒಪ್ಪಿಸಿದ್ದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಊಟಕ್ಕೆ ಕೂತಾಗ ಎಲ್ಲರೆದುರು, "ಇವನದೇನೋ ಹವ್ಯಾಸ ಬಿಡಿ. ಈಗ ತಿಳಿದವರು ಮಾಡ್ತಿದಾರೆ" ಅಂದುಬಿಟ್ಟ. ಅಕ್ಕನೂ ನಕ್ಕಳು. ಇವನ ಮೈಯೆಲ್ಲ ಉರಿದುಹೋಯಿತು.

ಅಂಗಡಿಯ ಹೆಸರನ್ನು ಯಾರಾದರೂ ಟೈಪ್ ಮಾಡಿದರೆ ಅದು ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವುದು ಡಿಎನ್‌ಎಸ್ ಎಂಬ ಇಂಟರ್‌ನೆಟ್ ವಿಳಾಸಪಟ್ಟಿಯ ಒಂದು ಸಾಲು. ಆ ಸಾಲಿನ ಅಂಕಿ ಬದಲಿಸಿದರೆ ಸಾಕು, ಗಿರಾಕಿಗಳೆಲ್ಲ ಬೇರೆ ಬಾಗಿಲಿಗೆ ಹೋಗುತ್ತಾರೆ. ಅದನ್ನು ಬದಲಿಸುವ ಪಾಸ್‌ವರ್ಡ್ ಇವನಿಗೆ ಗೊತ್ತಿತ್ತು. ಮೊನ್ನೆ ಭಾವ ಅದನ್ನೇ ಕಂಪನಿಯವರಿಗೂ ಫೋನಿನಲ್ಲಿ ಕೂಗಿ ಹೇಳಿದ್ದ. ಏನೇ ಹೆಚ್ಚುಕಡಿಮೆಯಾದರೂ ಅವರ ತಲೆಗೇ ಬರುತ್ತದೆ. 'ಅಂಗಡಿ ಶಾಶ್ವತವಾಗಿ ಮುಚ್ಚಿದೆ' ಎಂಬ ಪುಟ ಸಂಜೆಯವರೆಗೆ ಕಾಣಬೇಕು, ಭಾವ ಕಂಗಾಲಾಗಬೇಕು. ಆಮೇಲೆ ಇವನು ಏನೂ ಅರಿಯದವನ ಹಾಗೆ ಹೋಗಿ, ಎಲ್ಲ ಸರಿಮಾಡಿ, ಅಕ್ಕನ ಕಣ್ಣಲ್ಲಿ ಮತ್ತೆ ಮನುಷ್ಯನಾಗಬೇಕು. ಇಷ್ಟೇ ಇವನ ಆಸೆ.

ಎಚ್ಚರಿಕೆಯಲ್ಲಿ ಕಿಂಚಿತ್ತೂ ಕೊರತೆಯಿರಲಿಲ್ಲ. ಎಲ್ಲಿದ್ದನೆಂದು ತಿಳಿಯಬಾರದೆಂದು ಫೋನನ್ನು ಮನೆಯಲ್ಲೇ ಬಿಟ್ಟ. ಬೆಳಗ್ಗೆಯೇ ಲ್ಯಾಪ್‌ಟಾಪ್ ಹಿಡಿದು ಗ್ರಂಥಾಲಯದ ಮೂಲೆಗೆ ಹೋಗಿ ಅಲ್ಲಿನ ವೈಫೈ ಹಿಡಿದ. ಅಲ್ಲಿನ ಕಂಪ್ಯೂಟರ್ ಮುಟ್ಟಲಿಲ್ಲ, ಅದಕ್ಕೆ ಹೆಸರು ಕೊಡಬೇಕಿತ್ತು. ಮುಚ್ಚಿದ ಅಂಗಡಿಯ ಪುಟವನ್ನು ಬೇರೊಂದು ಸರ್ವರ್‌ನಲ್ಲಿಟ್ಟು, ಬದಲಾವಣೆ ಬೇಗ ಹರಡಲೆಂದು ಹಿಂದಿನ ದಿನವೇ ಸಿದ್ಧತೆ ಮಾಡಿದ್ದ. ಅಂಕಿ ಬದಲಿಸಿದ.

ಏನೂ ಆಗಲಿಲ್ಲ. ಅಂಗಡಿಯ ಹೆಸರು ಹೊಡೆದರೆ ತಾನೇ ಮಾಡಿದ ಹಳೆಯ ಸೈಟು, ಅದೇ ದಿಂಬುಗಳು. ಬ್ರೌಸರ್ ಬದಲಿಸಿದ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ, ಅಂಕಿಯನ್ನು ಬೆರಳಿಟ್ಟು ಓದಿದ. ಎಲ್ಲ ಸರಿಯಿತ್ತು, ಆದರೂ ದಿಂಬುಗಳು ಕದಲಲಿಲ್ಲ. ಸೇಡು ತೀರಿಸಿಕೊಳ್ಳಲೂ ಯೋಗ ಬೇಕೇನೋ ಎಂದು ಹಲ್ಲು ಕಡಿದ. ತನ್ನ ಪುಟವನ್ನಾದರೂ ಅಲುಗಾಡಿಸಿ ನೋಡೋಣವೆಂದು ಅದರಲ್ಲಿ 'ಪರೀಕ್ಷೆ' ಎಂದು ಬರೆದ. ಅಂಗಡಿಯ ಹೆಸರು ಹೊಡೆದರೆ ಅದೂ ಕಾಣಲಿಲ್ಲ. ಯಾರಿಗೂ ಕಾಣದ ಪುಟಕ್ಕೇನು ಹೆದರಿಕೆ? ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದ: 'ಭಾವ, ನಿಮ್ಮ ಸೋಫಾಕ್ಕಿಂತ ನಿಮ್ಮ ತಲೆಯಲ್ಲೇ ಹತ್ತಿ ಜಾಸ್ತಿ. ಅಕ್ಕನ ಮುಖ ನೋಡಿ ಸುಮ್ಮನಿದ್ದೆ.' ಮಧ್ಯಾಹ್ನ ಕಳೆದ ಮೇಲೆ ಸೋತು, ಪುಟ ಅಳಿಸಿ, ಅಂಕಿಯನ್ನು ಮೊದಲಿನಂತೆಯೇ ಮಾಡಿದ. ಅಪರಾಧವೇ ನಡೆಯದ ಮೇಲೆ ಗುರುತೆಲ್ಲಿಂದ ಉಳಿಯಬೇಕು?

ಹಾಳು ಮುಖ ಹೊತ್ತು ಅಕ್ಕನ ಮನೆಗೆ ಹೋದರೆ ಬಾಗಿಲಲ್ಲಿ ಅವಳು ಬಾ ಅನ್ನಲಿಲ್ಲ.

"ಅವರ ತಲೆಯಲ್ಲಿ ಹತ್ತಿ ಇದೆಯೇನೋ?" ಎಂದಳು. "ಬೆಳಗ್ಗಿಂದ ಗಿರಾಕಿಗಳು ಫೋಟೊ ಕಳಿಸ್ತಾನೇ ಇದಾರೆ. ಭಾವ ಅಂತ ಅವರನ್ನ ಕರೆಯೋನು ನೀನೊಬ್ಬನೇ ಅಲ್ವೇನೋ?"

ಒಳಗಿಂದ ಬಂದ ಭಾವ ಫೋನನ್ನು ಇವನ ಮುಂದೆ ಹಿಡಿದ. ಅದರಲ್ಲಿ ಇವನು ಬರೆದ ಪುಟವೇ ಇತ್ತು.

ಆಗ ಇವನಿಗೆ ನೆನಪಾಯಿತು. ಹಳೆಯ ಸೈಟ್ ಕಟ್ಟುವಾಗ, ಹೆಸರನ್ನು ಇನ್ನೂ ಎಲ್ಲಿಗೂ ಜೋಡಿಸುವ ಮೊದಲು, ಪರೀಕ್ಷೆಗೆಂದು ತನ್ನ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ ಅವನೊಂದು ಸಾಲು ಬರೆದಿದ್ದ: ಈ ಹೆಸರು ಬಂದರೆ ಯಾರನ್ನೂ ಕೇಳಬೇಡ, ಈ ಸರ್ವರ್‌ಗೇ ಹೋಗು. ಕೆಲಸ ಮುಗಿದ ಮೇಲೆ ಅಳಿಸಬೇಕಿತ್ತು, ಅಳಿಸಿರಲಿಲ್ಲ. ಇವತ್ತು ಇಡೀ ಜಗತ್ತಿನಲ್ಲಿ ಆ ಹಳೆಯ ದಿಂಬುಗಳು ಕಂಡದ್ದು ಅವನೊಬ್ಬನಿಗೆ ಮಾತ್ರ.