ಇದು ಯಾವ ಕಲರ್ ಹೇಳಿ

ಮೊದಲ ವಾರದಲ್ಲೇ ಬಾಲರಾಜ್ ಮೂರು ಸಲ ಅದೇ ಪ್ರಶ್ನೆ ಕೇಳಿದ. ಮೂರನೇ ಸಲ ವನಿತಾಗೆ ಸಿಟ್ಟು ಬಂತು.

"ರೀ, ಇದು ಯಾವ ಕಲರ್ ಹೇಳಿ?"

ಕೈಯಲ್ಲಿ ಗೇಣುದ್ದದ ವೈರು, ತುಟಿಯಲ್ಲಿ ತುಂಟ ನಗು. ಹುಡುಗಿಯರನ್ನು ಮಾತಾಡಿಸೋಕೆ ಇದೊಂದು ಹೊಸ ದಾರಿ ಇರಬೇಕು ಅಂದುಕೊಂಡಳು. ಕಣ್ಣು ಕಾಣಿಸಲ್ವಾ ಅಂತ ಕೇಳಿ, ಬೆನ್ನು ತಿರುಗಿಸಿ ಕೂತಳು.

ಇಬ್ಬರೂ ಡಿಪ್ಲೊಮಾ ಮುಗಿಸಿ, ಯಲಹಂಕದಾಚೆ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಕಾರ್ಖಾನೆಗೆ ಡಿಗ್ರಿ ಅಪ್ರೆಂಟಿಸ್ ಆಗಿ ಸೇರಿದ್ದರು. ವಾರಕ್ಕೆ ನಾಲ್ಕು ದಿನ ಕೆಲಸ, ಎರಡು ದಿನ ಕಾಲೇಜು. ಮೂರು ವರ್ಷ ಹೀಗೆ ದುಡಿಯುತ್ತಲೇ ಓದಿದರೆ ಬಿ.ಟೆಕ್, ಜೊತೆಗೆ ಅಲ್ಲೇ ಇಂಜಿನಿಯರ್ ಕೆಲಸ. ಅಟ್ಟೂರಿನ ವನಿತಾಳ ಮನೆಯಲ್ಲೂ ಅಮೃತಹಳ್ಳಿಯ ಬಾಲರಾಜನ ಮನೆಯಲ್ಲೂ ಅದುವರೆಗೆ ಯಾರೂ ಇಂಜಿನಿಯರ್ ಆಗಿರಲಿಲ್ಲ.

ಒಂದು ತಿಂಗಳಾದ ಮೇಲೆ ಕ್ಯಾಂಟೀನಿನಲ್ಲಿ ಅವನು, ನಿಮ್ಮ ಕಂದು ದುಪಟ್ಟಾ ಚೆನ್ನಾಗಿದೆ ಅಂದ. ಅದು ಎಲೆ ಹಸಿರಿನ ದುಪಟ್ಟಾ. ವನಿತಾ ನಗಲಿಲ್ಲ. ಅವನನ್ನೇ ನೋಡಿದಳು. ಅವನು ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಲ್ಲಿ ಆ ಕಡೆ ಈ ಕಡೆ ತಳ್ಳುತ್ತಾ ಎಲ್ಲವನ್ನೂ ಹೇಳಿಬಿಟ್ಟ. ಹುಟ್ಟಿದಾಗಿನಿಂದ ಕೆಂಪು, ಹಸಿರು ಎರಡೂ ಅವನಿಗೆ ಹೆಚ್ಚುಕಮ್ಮಿ ಒಂದೇ ಥರ. ಸೇರುವಾಗ ಡಾಕ್ಟರು ಬಣ್ಣದ ಚುಕ್ಕೆಗಳ ನಡುವೆ ನಂಬರ್ ಅಡಗಿರುವ ಪುಸ್ತಕ ತೋರಿಸಿದರು. ಅವನು ಆ ಪುಸ್ತಕವನ್ನು ಮೊದಲೇ ಫೋನಿನಲ್ಲಿ ಹುಡುಕಿ, ಯಾವ ಪುಟಕ್ಕೆ ಯಾವ ನಂಬರ್ ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದ.

"ಕರೆಂಟ್ ಕೆಲಸ ಬಿಟ್ರೆ ನಂಗೆ ಬೇರೆ ಏನೂ ಇಷ್ಟ ಇಲ್ಲ ಕಣ್ರೀ," ಅಂದ. "ಹೇಳ್ಬಿಡ್ತೀರಾ?"

ಅವಳು ಯಾರಿಗೂ ಹೇಳಲಿಲ್ಲ. ಮಾರನೇ ದಿನ ಅವನು ವೈರು ಎತ್ತಿಕೊಂಡಾಗ, ಕೇಳುವ ಮೊದಲೇ ಪಕ್ಕದ ಬೆಂಚಿನಿಂದ ಮೆಲ್ಲಗೆ "ಹಸಿರು" ಅಂದಳು.

ಅಲ್ಲಿಂದ ಅದೇ ಅವರ ಮಾತಾಯಿತು. ತಲೆ ಎತ್ತದೆ ಕೆಂಪು ಅನ್ನುವಳು, ಹಸಿರು ಅನ್ನುವಳು. ಅವನು ಕತ್ತು ಒಂಚೂರು ವಾಲಿಸಿ ಕೇಳಿಸಿಕೊಳ್ಳುವನು. ಬರಬರುತ್ತಾ ಕೇಳಬೇಕಿಲ್ಲದ್ದನ್ನೂ ಕೇಳತೊಡಗಿದ.

"ನಿನ್ನ ಹೇರ್ ಕ್ಲಿಪ್ಪು?"

"ನೀಲಿ. ನೀಲಿ ನಿಂಗೆ ಕಾಣತ್ತೆ."

"ಕಾಣತ್ತೆ. ನಿನ್ನ ಬಾಯಲ್ಲಿ ಕೇಳೋಣ ಅಂತ."

ಅವಳು ಸ್ಕ್ರೂ ಬಿಗಿಯುವ ನೆಪದಲ್ಲಿ ಮುಖ ತಗ್ಗಿಸಿದಳು. ಕಿವಿ ಬಿಸಿಯಾಗಿದ್ದು ಅವಳಿಗೊಬ್ಬಳಿಗೇ ಗೊತ್ತು. ಇಬ್ಬರಿಗೂ ಸ್ಕ್ರೂಡ್ರೈವರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸುತ್ತಿದ್ದ ಗುಲಾಮ್ ರಸೂಲ್ ಸರ್ ಮಾತ್ರ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಕೆಮ್ಮಿ, ಮುಂದೆ ಹೋದರು.

ಶನಿವಾರ ಕಾಲೇಜು ಬಿಟ್ಟ ಮೇಲೆ ಜಕ್ಕೂರು ಕೆರೆಯ ಏರಿ ಮೇಲೆ ನಡೆಯುವರು. ಪ್ರೀತಿ ಅನ್ನುವ ಮಾತನ್ನು ಇಬ್ಬರೂ ಆಡಲಿಲ್ಲ. ಡಿಗ್ರಿ ಕೈಗೆ ಬಂದ ವಾರವೇ ಅಮ್ಮನನ್ನು ಕರೆದುಕೊಂಡು ಅಟ್ಟೂರಿಗೆ ಬರ್ತೀನಿ ಅಂತ ಅವನು ಅಂದ. ಬಂದ್ರೆ ಕಾಫಿ ಕೊಡ್ತೀವಿ ಅಂತ ಅವಳು ಅಂದಳು. ಅಷ್ಟು ಸಾಕಾಗಿತ್ತು.

ಮೂರನೇ ವರ್ಷ ವನಿತಾಳನ್ನು ಮಹಡಿ ಮೇಲಿನ ಡಿಸೈನ್ ವಿಭಾಗಕ್ಕೆ ಹಾಕಿದರು. ಬಾಲರಾಜ್ ಕೆಳಗೇ ಉಳಿದ. ಹೇಗೆ ಮಾಡ್ತೀಯ ಅಂತ ಅವಳು ಕೇಳಿದ್ದಕ್ಕೆ, ಪ್ರತಿ ವೈರಿನ ತುದಿಗೂ ನಂಬರ್ ಬರೆದ ಪ್ಲಾಸ್ಟಿಕ್ ಉಂಗುರ ಹಾಕಿರ್ತಾರೆ, ಅದನ್ನು ಓದಿಕೊಂಡು ಮಾಡ್ತೀನಿ, ಇನ್ನು ಒಂದೇ ವರ್ಷ ತಾನೇ ಅಂದ.

ಡಿಗ್ರಿಗೆ ನಾಲ್ಕು ತಿಂಗಳಿದ್ದಾಗ ಒಂದು ಸೋಮವಾರ ಆ ಉಂಗುರಗಳು ಬಂದಿರಲಿಲ್ಲ. ಕೆಲಸ ಅರ್ಜೆಂಟಿತ್ತು. ಬಾಲರಾಜ್ ಹಸಿರು ಅರ್ಥಿಂಗ್ ವೈರು ಕೂಡಿಸಬೇಕಾದ ಜಾಗಕ್ಕೆ ಕರೆಂಟ್ ಹೋಗುವ ಕೆಂಪು ವೈರು ಕೂಡಿಸಿದ. ಟೆಸ್ಟಿಂಗಿಗೆ ಪವರ್ ಕೊಟ್ಟ ಕೂಡಲೇ ಪ್ಯಾನೆಲ್ಲಿನ ಇಡೀ ಮೈಗೆ ಕರೆಂಟ್ ಬಂತು. ಅದರ ಬಾಗಿಲಿಗೆ ಕೈಯಿಟ್ಟ ಗುಲಾಮ್ ರಸೂಲ್ ಸರ್ ಮೂರಡಿ ಆಚೆ ಹೋಗಿ ಬಿದ್ದರು.

ಜೀವ ಉಳಿಯಿತು. ಬಲಗೈ ಸುಟ್ಟಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ವನಿತಾ ನೋಡಿದಾಗ, ಎರಡು ಬೆರಳು ಇನ್ನು ಮಡಚೋಕಾಗಲ್ವಂತಮ್ಮ ಅಂತ ಅವರೇ ಹೇಳಿ, ಅವಳಿಗೇ ಸಮಾಧಾನ ಮಾಡಿದರು.

ಮುಂದಿನ ಸೋಮವಾರ ವಿಚಾರಣೆ ನಡೆಯಿತು. ವೈರು ಕತ್ತರಿಸಿ ಬಣ್ಣ ಬಣ್ಣದ ಕಟ್ಟು ಕಟ್ಟಿ ಕೊಡುತ್ತಿದ್ದವಳು ಗಂಗರತ್ನಮ್ಮ, ಹನ್ನೆರಡು ವರ್ಷದಿಂದ ಕಾಂಟ್ರಾಕ್ಟ್ ಕೆಲಸದವಳು. ಹಸಿರಿನ ಕಟ್ಟಿನಲ್ಲಿ ಅವಳೇ ಕೆಂಪು ಸೇರಿಸಿರಬೇಕು ಅಂತ ತೀರ್ಮಾನವಾಯಿತು. ಬಾಲರಾಜನನ್ನು ಕೇಳಿದಾಗ ಅವನು ತಲೆ ತಗ್ಗಿಸಿ ನಿಂತ. ಅದನ್ನೇ ಹೌದು ಅಂತ ಬರೆದುಕೊಂಡು, ಗಂಗರತ್ನಮ್ಮನನ್ನು ಕೆಲಸದಿಂದ ತೆಗೆದರು.

ಗೇಟಿನ ಹತ್ತಿರ ಗಂಗರತ್ನಮ್ಮ ವನಿತಾಳ ಕೈ ಹಿಡಿದುಕೊಂಡಳು. "ನಾನ್ ಇಂಗೆ ಮಾಡಿಲ್ಲ ಕಣವ್ವ. ಓದಿದೋಳು ನೀನಾದ್ರೂ ಒಂದ್ ಮಾತೇಳು."

ಅವತ್ತು ಸಂಜೆ ವನಿತಾ ಬಾಲರಾಜನಿಗೆ, ನೀನೇ ಹೋಗಿ ಹೇಳು, ನಾನೂ ಜೊತೆಗೆ ಬರ್ತೀನಿ ಅಂದಳು. ಅವನು ಅವಳ ಮುಂದೆ ಮೊದಲ ಸಲ ಅತ್ತ. ನಾಲ್ಕು ತಿಂಗಳು ಬಿಡು, ಡಿಗ್ರಿ ಬಂದ ಮರುದಿನವೇ ಹೇಳ್ತೀನಿ, ಆ ಯಮ್ಮನಿಗೆ ಬೇರೆ ಕಡೆ ಕೆಲಸ ಕೊಡಿಸ್ತೀನಿ ಅಂದ. ಅವಳು ಒಂದು ದಿನ ಕಾದಳು. ಅವನು ಹೋಗಲಿಲ್ಲ.

ಬುಧವಾರ ಬೆಳಗ್ಗೆ ವನಿತಾ ಮ್ಯಾನೇಜರ್ ಎದುರು ನಿಂತು ಎಲ್ಲವನ್ನೂ ಹೇಳಿದಳು. ಎರಡು ವರ್ಷ ತಾನೇ ಬಣ್ಣ ಹೇಳಿಕೊಟ್ಟು ಮುಚ್ಚಿಟ್ಟಿದ್ದನ್ನೂ ಹೇಳಿದಳು. ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಗಂಗರತ್ನಮ್ಮ ಕೆಲಸಕ್ಕೆ ಮರಳಿದಳು. ಬಾಲರಾಜನನ್ನು ತೆಗೆದುಹಾಕಿದರು. ಕಾರ್ಖಾನೆ ಬಿಟ್ಟವರಿಗೆ ಡಿಗ್ರಿಯೂ ಇರಲಿಲ್ಲ.

ಶನಿವಾರ ಅವನು ಕೆರೆ ಏರಿಗೆ ಬರುತ್ತಾನೆ ಅಂತ ಅವಳು ಅಂದುಕೊಂಡಿರಲಿಲ್ಲ. ಬಂದಿದ್ದ. ಬೈಯುತ್ತಾನೆ ಅಂದುಕೊಂಡಳು, ಬೈಯಲಿಲ್ಲ. ಎರಡು ದಿನ ಆಸ್ಪತ್ರೆಗೆ ಹೋಗಿ ಸರ್ ಕಾಲ ಬಳಿ ಕೂತಿದ್ದೆ ಅಂದ. ಬಿಸಿಲು ಇಳಿಯುವ ತನಕ ಇಬ್ಬರೂ ನಡೆದರು.

"ನೀನು ಮಾಡಿದ್ದು ಸರಿ," ಕೊನೆಗೆ ಅವನು ಅಂದ. "ಸರಿ ಅಂತ ಗೊತ್ತು ವನಿತಾ. ಆದ್ರೂ ನಿನ್ನ ಮುಖ ನೋಡೋಕಾಗ್ತಿಲ್ಲ."

"ನಾನು ನಿನ್ನ ಪ್ರೀತಿಸ್ತೀನಿ," ಅಂದಳು. ಮೂರು ವರ್ಷ ಆಡದ ಮಾತು.

"ನಾನೂನು," ಅಂದ ಅವನು, ನೀರಿನ ಕಡೆ ನೋಡುತ್ತಾ. "ಅದಕ್ಕೇ ಕಷ್ಟ ಆಗ್ತಿರೋದು."

ಆಮೇಲೆ ಅವನು ದಾಬಸ್‌ಪೇಟೆಯ ಕಡೆ ಯಾವುದೋ ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕೆ ಸೇರಿದ ಅಂತ ಅವಳ ಕಿವಿಗೆ ಬಿತ್ತು.

ಡಿಗ್ರಿ ಬಂದ ದಿನ ವನಿತಾ ಅವನಿಗೆ ಫೋನ್ ಮಾಡಿದಳು. ಎತ್ತಿದ. ಮನಸ್ಸಾರೆ ಸಂತೋಷಪಟ್ಟ, ಅದು ದನಿಯಲ್ಲೇ ತಿಳಿಯುತ್ತಿತ್ತು. ಸರ್ ಕೈ ಹೇಗಿದೆ ಅಂತ ವಿಚಾರಿಸಿದ. ಫೋನ್ ಇಡುವ ಮೊದಲು ನಾನು ಕಾಯ್ತೀನಿ ಅಂದಳು ಅವಳು.

"ಬೇಡ," ಅಂದ. "ನೀನು ಕಾಯ್ತಿದ್ದೀಯ ಅಂತ ಗೊತ್ತಾದ್ರೆ ನಿನ್ನ ಹತ್ರ ಅಂತ ದಿನಾ ಹೊರಡ್ತೀನಿ, ದಿನಾ ಅರ್ಧ ದಾರಿಯಿಂದ ವಾಪಸ್ ಬರ್ತೀನಿ. ಅದಾಗಲ್ಲ ನನ್ ಕೈಲಿ."

ಅಡುಗೆಮನೆಯಲ್ಲಿ ಅಮ್ಮ ಕೇಸರಿಬಾತು ಮಾಡಿದ್ದಳು. ಬೀದಿಗೆಲ್ಲ ಹಂಚಿ ಬಾ ಅಂತ ತಟ್ಟೆ ಕೈಗಿಟ್ಟಳು. ವನಿತಾ ಮುಖ ತೊಳೆದುಕೊಂಡು ಹೊರಟಳು. ಎಲ್ಲರೂ ಹರಸಿದರು, ಎಲ್ಲರಿಗೂ ನಕ್ಕಳು. ತಿರುವಿನ ಮನೆಯ ಸರಳಾ ಆಂಟಿ ಕೇಸರಿಬಾತು ತೆಗೆದುಕೊಳ್ಳುತ್ತಾ, ಬೈಕಿನಲ್ಲಿ ಇಲ್ಲಿ ತನಕ ಬಿಟ್ಟು ಹೋಗ್ತಿದ್ನಲ್ಲ ನಿನ್ನ ಜೊತೆ ಓದೋ ಹುಡುಗ, ಅವನಿಗೂ ಬಂತಾ ಡಿಗ್ರಿ ಅಂತ ಕೇಳಿದಳು.

ಇಲ್ಲ ಅಂದಳು ವನಿತಾ.

"ಅಯ್ಯೋ, ಯಾಕೆ? ಓದ್ತಾ ಇರ್ಲಿಲ್ವಾ ಸರಿಯಾಗಿ?"

"ನನಗಿಂತ ಚೆನ್ನಾಗಿ ಓದ್ತಿದ್ದ ಆಂಟಿ," ಅಂದಳು ವನಿತಾ. ಮುಂದಿನ ಮನೆಗೆ ಹೋಗುವ ಮೊದಲು ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.