ಬಾಗಿಲಿಲ್ಲದ ಆರಡಿ

"ಆ ಗೋಡೆಯನ್ನು ಮಾತ್ರ ಮುಟ್ಟಬೇಡಿ. ಕಂಪ್ಯೂಟರಿನಲ್ಲಿಯೂ ಬೇಡ," ಎಂದರು ಮನೆಯೊಡತಿ ಪದ್ಮಾಕ್ಷಿ.

ಆಫ್ರಾಳಿಗೆ ನಗು ತಡೆಯಲಾಗಲಿಲ್ಲ. ಬಿ.ಸಿ.ರೋಡಿನ ಪ್ಲಾನ್ ಆಫೀಸಿಗೆ ಆಗಷ್ಟೇ ಸೇರಿದ್ದ ಕನ್ಯಾನದ ಹುಡುಗಿ ಅವಳು. ಬಂಟ್ವಾಳ ಪೇಟೆಯ ಈ ಹಳೆಯ ಮನೆಯನ್ನು ಪದ್ಮಾಕ್ಷಿಯ ಮಗಳ ಹಲ್ಲಿನ ಕ್ಲಿನಿಕ್ ಆಗಿ ಬದಲಿಸಬೇಕಿತ್ತು. ಹಳೆಯ ನಕ್ಷೆಯನ್ನು ಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶಕ್ಕೆ ಏರಿಸಿ ತಾಳೆ ನೋಡಿದರೆ, ಮನೆಯ ಹೊರಗಿನ ಉದ್ದಕ್ಕೂ ಒಳಗಿನ ಕೋಣೆಗಳ ಮೊತ್ತಕ್ಕೂ ಆರಡಿ ವ್ಯತ್ಯಾಸ. ಹಿಂದೆ ನಕ್ಷೆ ಬರೆದವನು, ಅಳತೆ ಕೂಡದಾಗ ಈ ಕಸುಬಿನವರು ಮಾಡುವುದನ್ನೇ ಮಾಡಿದ್ದ. ಉಳಿದ ಜಾಗವನ್ನೆಲ್ಲ ಗೋಡೆಯ ದಪ್ಪವೆಂದು ತೋರಿಸಿ ಕೈತೊಳೆದುಕೊಂಡಿದ್ದ.

"ಆರಡಿ ದಪ್ಪದ ಗೋಡೆ ಕೋಟೆಗೆ ಇರಬಹುದು, ಮನೆಗೆ ಇರುವುದಿಲ್ಲ ಅಕ್ಕ. ಒಳಗೆ ಕೋಣೆ ಉಂಟು. ಎಕ್ಸ್‌ರೇ ಮೆಷಿನು ಚಂದ ಕೂರ್ತದೆ."

ಪದ್ಮಾಕ್ಷಿ ಬಿಳಿಚಿಕೊಂಡರು. "ಅದು ಅಜ್ಜನ ತಂಗಿ ದುಗ್ಗಮ್ಮನ ಕೋಣೆ. ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಕಡೆಗೆ, ಈ ಮನೆ ಅವರ ಮಕ್ಕಳಿಗೆ ಹೋಗಬೇಕಿತ್ತಲ್ಲ. ನನ್ನ ಅಪ್ಪನಿಗೆ ಸಿಗಲಿ ಅಂತ ಅಜ್ಜ ಮಾಟ ಮಾಡಿಸಿದರು. ಬಾಗಿಲು ಮುಚ್ಚಲೇ ಇಲ್ಲ. ದುಗ್ಗಮ್ಮನಿಗೆ ಅದು ಕಾಣಲಿಲ್ಲ, ಅಷ್ಟೆ. ಹುಡುಕಿ ಹುಡುಕಿ ಅಲ್ಲೇ ಸತ್ತರು. ಗೋಡೆ ಕಟ್ಟಿದ್ದು ಆಮೇಲೆ."

"ಮಾಟಕ್ಕೆ ಕ್ಯಾಡ್ ಗೊತ್ತುಂಟಾ ಅಕ್ಕ?" ಎಂದವಳೇ ಆಫ್ರಾ ಲ್ಯಾಪ್‌ಟಾಪಿನ ನಕ್ಷೆಯಿಂದ ಆ ಗೋಡೆಯನ್ನು ಅಳಿಸಿದಳು. ಪದ್ಮಾಕ್ಷಿ ಎದ್ದುಬಿದ್ದು ಅಂಗಳಕ್ಕೆ ಓಡಿದರು.

ಮೊದಲು ವಾಸನೆ ಬಂತು. ಸುಟ್ಟ ಸಾಸಿವೆ, ಕಮಟು ಎಣ್ಣೆ, ಬಹಳ ದಿನ ತೊಳೆಯದ ಕೂದಲು. ಬೀದಿಯ ಬಸ್ಸುಗಳ ಹಾರ್ನು ಅರ್ಧಕ್ಕೇ ನಿಂತಿತು. ನಡುಮಧ್ಯಾಹ್ನದ ಬೆಳಕು ಬತ್ತಿ, ಲ್ಯಾಪ್‌ಟಾಪಿನ ಮಂಕು ಮಾತ್ರ ಉಳಿಯಿತು. ನಕ್ಷೆಯಲ್ಲಿ ಅಳಿಸಿದ ಗೋಡೆ ಮನೆಯಲ್ಲಿಯೂ ಇರಲಿಲ್ಲ. ಆಫ್ರಾ ತಿರುಗಿ ನೋಡಿದಳು. ಪದ್ಮಾಕ್ಷಿ ಓಡಿಹೋದ ಬಾಗಿಲಿನ ಜಾಗದಲ್ಲಿ ಗೋಡೆಯಿತ್ತು.

"ಅಕ್ಕ! ಬಾಗಿಲು ತೆಗೆಯಿರಿ!"

"ತೆರೆದೇ ಉಂಟು ಮಾರಾಯ್ತಿ! ನೀನು ಅದರ ಎದುರೇ ನಿಂತಿದ್ದೀ!"

ಅವಳು ಅಂಗೈಯಿಂದ ತಡವಿದಳು. ತಣ್ಣನೆಯ ಗಾರೆ. ಮೂಲೆ. ಮತ್ತೆ ಗಾರೆ. ಮತ್ತೆ ಮೂಲೆ. ಬಾಗಿಲಿಲ್ಲ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಇನ್ನೊಂದು ಸುತ್ತು ಬಂದಳು. ಆಗ ಬೆರಳಿಗೆ ಬೆರಳು ತಾಗಿತು. ಉಗುರು ಸವೆದುಹೋದ ಇನ್ನೊಂದು ಕೈ. ಅದೂ ಗೋಡೆಯನ್ನು ತಡವುತ್ತಿತ್ತು.

"ಗೋಡೆ ವಾಪಸ್ ಹಾಕು!" ಪದ್ಮಾಕ್ಷಿ ಹೊರಗಿನಿಂದ ಕಿರುಚಿದರು. "ಮೊದಲಿದ್ದ ಹಾಗೆ ಮಾಡು, ನಿನಗೆ ಬಾಗಿಲು ಕಾಣ್ತದೆ!"

ಅಳಿಸಿದ್ದನ್ನು ಮರಳಿಸುವ ಅನ್‌ಡೂ ಒತ್ತಿದರೆ ಸಾಕಿತ್ತು. ತಾನು ಹೊರಗೆ, ಈ ಕೈ ಮತ್ತೆ ಒಳಗೆ. ಆಫ್ರಾ ಕೀಲಿಯ ಮೇಲೆ ಬೆರಳಿಟ್ಟಳು. ಆದರೆ ಹೆದರಿಕೆಯನ್ನು ಮೀರಿ ಸಿಟ್ಟು ಉಕ್ಕಿ ಬಂತು. ಮನೆಯ ಆಸೆಗೆ ಒಡಹುಟ್ಟಿದವಳನ್ನೇ ಹೂತವನ ಕೆಲಸವನ್ನು ತಾನು ಮತ್ತೊಮ್ಮೆ ಮಾಡುವುದೇ?

"ಮಾಡುವುದಿಲ್ಲ!" ಎಂದು ಕೂಗಿ ನೆಲಕ್ಕೆ ಕುಕ್ಕರಿಸಿದಳು. ಬೀದಿಯ ಕಡೆಯ ಗೋಡೆಯನ್ನು ತೆರೆಯ ಮೇಲೆ ಕತ್ತರಿಸಿದಳು. ತಣ್ಣನೆಯ ಬೆರಳುಗಳು ಮಣಿಕಟ್ಟನ್ನು ಹಿಡಿದವು. ಬಾಗಿಲಿಗೊಂದು ಗೆರೆ. ಹಿಡಿತ ಬಿಗಿಯಿತು. ಅದು ತೆರೆಯುವ ದಿಕ್ಕಿಗೊಂದು ಕಮಾನು. ಮೂಳೆ ಲಟಕ್ಕೆಂದಿತು.

"ಹೋಗಿ ದುಗ್ಗಮ್ಮ! ಇಲ್ಲಿ ಬಾಗಿಲು ಉಂಟು!"

ಹಿಡಿತ ಸಡಿಲಿತು. ಕೂದಲ ವಾಸನೆ ಅವಳನ್ನು ಸವರಿಕೊಂಡು ಮುಂದೆ ಸಾಗಿತು. ಮರುಗಳಿಗೆ ಕಲ್ಲು ಗುಡುಗಿತು. ಆ ಆರಡಿ ಬೀದಿಯವರೆಗೂ ಬಾಯಿಬಿಟ್ಟಿತು. ಧೂಳು, ಬಿಸಿಲು, ಹಾರ್ನು. ಕುಸಿದ ಕಲ್ಲುಗಳ ಮೇಲೆ ಆಫ್ರಾ ತೆವಳಿ ಹೊರಬಿದ್ದಳು.

ದುಗ್ಗಮ್ಮ ಹೋದರು, ಮಾಟ ಹೋಗಲಿಲ್ಲ. ಅದು ಆಫ್ರಾಳಿಗೆ ಅಂಟಿಕೊಂಡಿತು. ಮನೆ, ಆಫೀಸು, ಬಸ್ಸು, ಎಲ್ಲಿಯೂ ಅವಳಿಗೆ ಬಾಗಿಲು ಕಾಣುವುದಿಲ್ಲ. ಉಮ್ಮ ಕೈ ಹಿಡಿದು ಹೊರಗೆ ಬಿಡುತ್ತಾಳೆ, ಕಂಡಕ್ಟರ್ ಬಸ್ಸಿಗೆ ಹತ್ತಿಸುತ್ತಾನೆ. ನಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಅವಳು ಬರೆಯುವ ಕೋಣೆಗಳಿಗೆಲ್ಲ ಈಗ ಎರಡೆರಡು ಬಾಗಿಲು.

ಮೊನ್ನೆ ಪದ್ಮಾಕ್ಷಿ ಆಫೀಸಿಗೇ ಬಂದಿದ್ದರು. "ಆ ಜಾಗ ಪುನಃ ಮುಚ್ಚಿದರೆ ದುಗ್ಗಮ್ಮ ವಾಪಸ್ ಒಳಗೆ, ನಿನ್ನ ಕಣ್ಣು ಸರಿಯಾಗ್ತದಂತೆ, ಮಂತ್ರವಾದಿ ಹೇಳಿದ. ಮುಚ್ಚಿಸುವ, ಆಗದಾ?"

"ಮುಚ್ಚಿಸಿ ನೋಡಿ. ನಾನು ಬಂದು ಒಡೆಸ್ತೇನೆ," ಎಂದಳು ಆಫ್ರಾ.

ಪದ್ಮಾಕ್ಷಿ ನೀಡಿದ ಕೈಯನ್ನು ಅವಳು ಹಿಡಿಯಲಿಲ್ಲ. ಎದ್ದು, ಗೋಡೆಗೆ ಅಂಗೈ ಊರಿ, ತಡವುತ್ತಾ ಹೊರಟಳು.